ಯಾರಿಗೆ ಯಾವ ಪುಸ್ತಕ

ಹೊಳೆದಂಡೆಯ ಆಶ್ರಮವೊಂದರಲ್ಲಿ ತ್ರಿಯಂಬಕ ಎಂಬ ಶಿಷ್ಯನಿದ್ದ. ಓದಿನಲ್ಲಿ ಅವನನ್ನು ಮೀರಿಸುವವರು ಅಲ್ಲಿರಲಿಲ್ಲ. ಸಿಟ್ಟಿನಲ್ಲೂ ಇರಲಿಲ್ಲ.

ಆಶ್ರಮದ ಪುಸ್ತಕದ ಕೋಣೆ ಅವನ ಸುಪರ್ದಿಯಲ್ಲಿತ್ತು. ಪುರಾಣ, ಕಾದಂಬರಿ, ವೈದ್ಯ, ಪ್ರವಾಸ, ಗಿಡಮರಗಳ ವಿಚಾರ, ಹೀಗೆ ಭಕ್ತರು ತಂದುಕೊಟ್ಟದ್ದೆಲ್ಲ ಅಲ್ಲಿತ್ತು. ಸುತ್ತಲಿನ ಊರಿನವರು ಬಂದು, "ಒಂದು ಚಲೋ ಪುಸ್ತಕ ಕೊಡ್ರೀ" ಎಂದು ಕೇಳುತ್ತಿದ್ದರು. ತ್ರಿಯಂಬಕ ಕೊಡುತ್ತಿದ್ದ. ಅವರು ಓದದೆ ಮರಳಿಸುತ್ತಿದ್ದರು.

"ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ಕೆಲಸ," ಎಂದು ಅವನು ಗೊಣಗುತ್ತಿದ್ದ.

ಗುರು ಭದ್ರಯ್ಯನವರು ಕೇಳಿಯೂ ಕೇಳದವರಂತೆ ಇರುತ್ತಿದ್ದರು.

ಒಂದು ಮಳೆಗಾಲದಲ್ಲಿ ಆಚೆ ದಂಡೆಯ ಭರಮಪ್ಪ ಪೈಲ್ವಾನ ಈಚೆಗೆ ಕುಸ್ತಿಗೆ ಬಂದ. ಕಣದಲ್ಲಿ ಬಿದ್ದ ಏಟಿಗೆ ತೊಡೆಯ ಎಲುಬು ಮುರಿಯಿತು. ಹೊಳೆ ತುಂಬಿ ಹರಿಯುತ್ತಿತ್ತು, ದಾಟಿಸುವಂತಿರಲಿಲ್ಲ. ಜನ ಅವನನ್ನು ಹೊತ್ತು ತಂದು ಆಶ್ರಮದಲ್ಲಿ ಮಲಗಿಸಿದರು.

ನಾಟಿವೈದ್ಯ ಬಂದು ಬಿದಿರಿನ ದಬ್ಬೆ ಇಟ್ಟು ಕಟ್ಟಿದ. "ಮುಂದೆ ನಡೆದಾಡುತ್ತೀ. ಕುಸ್ತಿ ಮಾತ್ರ ಮುಗಿಯಿತು ಅಂತ ತಿಳಿ," ಎಂದು ಹೇಳಿ ಹೋದ.

ಭರಮಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮಾತು ಬಿಟ್ಟ. ಆಮೇಲೆ ಊಟವನ್ನೂ ಬಿಡುತ್ತ ಬಂದ. ಬಂಡೆಯಂಥ ಮೈ ಕಣ್ಣೆದುರೇ ಕರಗತೊಡಗಿತು.

"ಅವನಿಗೆ ಅಕ್ಷರ ಬರುತ್ತದಂತೆ," ಎಂದರು ಗುರುಗಳು. "ಏನಾದರೂ ಓದಲಿಕ್ಕೆ ಕೊಡು, ತಮ್ಮಾ. ಹೀಗೇ ಬಿಟ್ಟರೆ ಮನುಷ್ಯ ಉಳಿಯುವುದಿಲ್ಲ."

ತ್ರಿಯಂಬಕನಿಗೆ ಹುರುಪು ಬಂತು. ದೇಹ ನಶ್ವರವೆಂದು ಸಾರುವ ದಪ್ಪ ಗ್ರಂಥವೊಂದನ್ನು ಒಯ್ದು ಪೈಲ್ವಾನನ ತಲೆದೆಸೆಗೆ ಇಟ್ಟ.

ಸಂಜೆ ಹೋಗಿ ನೋಡಿದರೆ ಗ್ರಂಥ ಅಂಗಳದ ಕೆಸರಿನಲ್ಲಿತ್ತು.

ಮರುದಿನ, ಸೋಲೇ ಕಾಣದ ರಣವೀರನೊಬ್ಬನ ಕಾದಂಬರಿ ಕೊಟ್ಟ. ಅದೂ ಅಂಗಳಕ್ಕೆ ಬಂತು. ಎಲ್ಲವನ್ನೂ ತೊರೆದು ಗುಡ್ಡ ಸೇರಿದ ಸಂತನ ಚರಿತ್ರೆ ಕೊಟ್ಟ. ಅದು ನೆಟ್ಟಗೆ ತ್ರಿಯಂಬಕನ ಎದೆಗೇ ಬಡಿಯಿತು.

ತ್ರಿಯಂಬಕ ಕೆಂಡವಾಗಿ ಗುರುಗಳ ಬಳಿ ಬಂದ.

"ಅವನು ಕೋಣ, ಗುರುಗಳೇ! ಕೋಣನ ಮುಂದೆ ಕಿನ್ನರಿ ನುಡಿಸಲು ನನ್ನನ್ನು ಹಚ್ಚಿದ್ದೀರಿ. ಎಂಥೆಂಥ ಪುಸ್ತಕ ಕೊಟ್ಟೆ! ಇನ್ನು ನನ್ನಿಂದಾಗದು."

ಗುರುಗಳು ಸ್ನಾನಕ್ಕೆ ಹೊರಟಿದ್ದವರು ಕಟ್ಟೆಯ ಮೇಲೆ ಕುಳಿತರು.

"ಅದಿರಲಿ. ಬೆನ್ನು ತುರಿಸುತ್ತಿದೆ. ಸ್ವಲ್ಪ ಕೆರಿ."

ತ್ರಿಯಂಬಕ ಹಿಂದೆ ಕುಳಿತು ಹೆಗಲಿನ ನಡುವೆ ಕೆರೆದ.

"ಅಲ್ಲ," ಎಂದರು ಗುರುಗಳು.

ಕೆಳಗೆ ಕೆರೆದ.

"ಅಲ್ಲ."

ಬಲಕ್ಕೆ ಕೆರೆದ, ಎಡಕ್ಕೆ ಕೆರೆದ, ಉಗುರು ನೋಯುವ ತನಕ ಕೆರೆದ.

"ಅಲ್ಲ, ಅಲ್ಲ. ಅಯ್ಯೋ, ಚರ್ಮ ಕಿತ್ತೀಯೆ!"

"ಎಲ್ಲಿ ಅಂತ ಬಾಯಿಬಿಟ್ಟು ಹೇಳಬಾರದೇ, ಗುರುಗಳೇ?"

"ಕೇಳಿದ್ದರೆ ಹೇಳುತ್ತಿದ್ದೆ," ಎಂದು ಗುರುಗಳು ಪಂಚೆ ಹೆಗಲಿಗೆ ಹಾಕಿಕೊಂಡು ಹೊಳೆಗೆ ಇಳಿದುಹೋದರು.

ತ್ರಿಯಂಬಕನಿಗೆ ಮೊದಲು ಗುರುಗಳ ಮೇಲೆ ಸಿಟ್ಟು ಬಂತು. ಆಮೇಲೆ ಸಿಟ್ಟು ಯಾರ ಮೇಲೆ ಎಂಬುದೇ ತಿಳಿಯದಾಯಿತು.

ಮಧ್ಯಾಹ್ನ ಬರಿಗೈಯಲ್ಲಿ ಪೈಲ್ವಾನನ ಕೋಣೆಗೆ ಹೋದ. ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತ. ಏನು ಕೇಳಬೇಕೆಂದು ಹೊಳೆಯಲಿಲ್ಲ. ಕೇಳುವ ರೂಢಿಯೇ ಅವನಿಗಿರಲಿಲ್ಲ.

ಕೊನೆಗೆ, "ನೋವು ಬಹಳ ಇದೆಯೇ?" ಎಂದ.

ಉತ್ತರ ಕಾಯುತ್ತ ತ್ರಿಯಂಬಕ ಅಲ್ಲೇ ಕುಳಿತ.

ಮಳೆ ಬಂತು, ನಿಂತಿತು. ಆಗ ಭರಮಪ್ಪ ತಿರುಗದೆಯೇ ಮಾತಾಡಿದ.

"ನಿಮ್ಮ ಪುಸ್ತಕ ಓದಿದ್ನಿರೀ. ಓದಿದ ಮ್ಯಾಲೇ ಒಗದೀನಿ. ಒಂದರಾಗ ಮೈ ಅಂದ್ರ ಮಣ್ಣು ಅಂತಾರ. ನಾ ಉಂಡು ಬೆಳಸಿದ ಮೈರೀ ಇದು. ಒಂದರಾಗ ಅವ ಬರೇ ಗೆಲ್ತಾನ. ಇನ್ನೊಂದರಾಗ ಎಲ್ಲಾ ಬಿಟ್ಟು ಹೊಂಟು ಹೋಗ್ತಾನ. ನನಗ ಗೆಲ್ಲಾಕೂ ಬರೂದಿಲ್ಲ, ಹೊಂಟು ಹೋಗಾಕೂ ಬರೂದಿಲ್ಲ. ಸೋತು ಸುಮ್ಮ ಬಿದ್ದಾವಂದು ಒಂದಾರ ಪುಸ್ತಕ ಐತೇನ್ರೀ ನಿಮ್ಮಲ್ಲೆ?"

ಅಷ್ಟೆಲ್ಲ ಓದಿದ್ದ ತ್ರಿಯಂಬಕನಿಗೆ ಒಂದು ಹೆಸರೂ ನೆನಪಾಗಲಿಲ್ಲ.

"ಗೊತ್ತಿಲ್ಲ. ಹುಡುಕುತ್ತೇನೆ," ಎಂದ.

ಪುಸ್ತಕದ ಕೋಣೆಗೆ ಹೋಗಿ ಕಪಾಟುಗಳನ್ನೆಲ್ಲ ತೆಗೆದು ಹರವಿದ. ಸಂಜೆಯ ಹೊತ್ತಿಗೆ ಕೈತುಂಬ ಹೊತ್ತು ತಂದ. ಎಲುಬು ಹೇಗೆ ಕೂಡಿಕೊಳ್ಳುತ್ತದೆಂದು ವೈದ್ಯರೊಬ್ಬರು ಬರೆದದ್ದು. ದನಿ ಕಳೆದುಕೊಂಡ ನಾಟಕದ ನಟನೊಬ್ಬ ಪರದೆ ಎಳೆಯುತ್ತ ಬಾಳಿದ ಕಾದಂಬರಿ. ಮರಳುಗಾಡಿನಲ್ಲಿ ದಾರಿ ತಪ್ಪಿದವನ ಪ್ರವಾಸ. ಹಾಸ್ಯದ ಕಥೆಗಳು. ಹಕ್ಕಿಗಳ ಮೇಲೊಂದು ಹಳೆಯ ಪುಸ್ತಕ.

ಎಲ್ಲವನ್ನೂ ಹಾಸಿಗೆಯ ಬಳಿ ಇಟ್ಟ. "ಬೇಡದ್ದನ್ನು ಎಸೆಯಿರಿ," ಎಂದಷ್ಟೇ ಹೇಳಿ ಎದ್ದುಹೋದ.

ನಟನ ಕಾದಂಬರಿಯೇ ನಾಟುತ್ತದೆಂದು ಅವನ ಮನಸ್ಸು ಹೇಳುತ್ತಿತ್ತು. ಮರುದಿನ ನೋಡಿದರೆ ಅಂಗಳದಲ್ಲಿ ಬಿದ್ದಿದ್ದದ್ದು ಅದೊಂದೇ.

"ಅಳೂ ಕತಿ ಬ್ಯಾಡ್ರೀ," ಎಂದ ಭರಮಪ್ಪ. "ಅದನ್ನ ನಾನಽ ಬೇಕಾದಷ್ಟು ಬರದೇನು." ಅವನ ಎದೆಯ ಮೇಲೆ ಹಕ್ಕಿಯ ಪುಸ್ತಕ ತೆರೆದಿತ್ತು. "ಇದರಾಗ ಗೀಜಗನ ಸುದ್ದಿ ಐತಿ. ಖರೇ ಬರದಾರೋ, ಸುಳ್ಳೋ? ನನಗ ನೋಡಬೇಕು."

ಹೊಳೆಯ ಮೇಲೆ ಬಾಗಿದ ಜಾಲಿಮರದಲ್ಲಿ ಗೀಜಗಗಳು ಗೂಡು ಹೆಣೆಯುತ್ತಿದ್ದವು. ತ್ರಿಯಂಬಕ ದಬ್ಬೆ ಕಟ್ಟಿದ ಕಾಲನ್ನು ಎತ್ತಿ ಹಿಡಿದ. ಪೈಲ್ವಾನ ಹಲ್ಲು ಕಚ್ಚಿ, ಬೈದು, ಬೆವರಿ, ಮೊಣಕೈ ಊರಿ ತೆವಳುತ್ತ ಪಡಸಾಲೆಗೆ ಬಂದ. ಗೋಡೆಗೆ ಒರಗಿ ಕುಳಿತು ಮರ ನೋಡಿದ. ಮರುದಿನವೂ ನೋಡಿದ.

ಒಂದು ಬೆಳಿಗ್ಗೆ ಅವನ ನಗು ಆಶ್ರಮಕ್ಕೆಲ್ಲ ಕೇಳಿಸಿತು.

"ಖರೇ ಐತ್ರೀ! ಅರ್ಧ ಗೂಡು ಕಟ್ಟತೈತಿ ಗಂಡು. ಹೆಣ್ಣು ಬಂದು ನೋಡಿ ಒಲ್ಲೆ ಅಂತು. ಗಂಡು ಬಿಡ್ತು ನೋಡ್ರೀ ಅದನ್ನ. ಬಾಜೂ ಟೊಂಗಿಗೆ ಮತ್ತೊಂದು ಹೆಣ್ಯಾಕ ಹತ್ತೇತಿ, ಹಲಕಟ್ಟ್ ಹಕ್ಕಿ!"

ನಗುತ್ತಲೇ ಕಣ್ಣೊರೆಸಿಕೊಂಡ. ಆಮೇಲೆ, "ರೊಟ್ಟಿ ಐತೇನ್ರೀ?" ಎಂದು ಕೇಳಿದ.

ಹೊಳೆ ಇಳಿದ ಮೇಲೆ ಭರಮಪ್ಪ ಕೋಲು ಊರಿಕೊಂಡು ದೋಣಿ ಹತ್ತಿದ. "ಗರಡಿಯೊಳಗ ಹುಡುಗರಿಗೆ ಪಟ್ಟು ಹೇಳಿಕೊಡ್ತೀನಿ," ಎಂದು ಗುರುಗಳಿಗೆ ಕೈಮುಗಿದು ಹೋದ.

ಗುರುಗಳು ಭೇಷ್ ಅನ್ನುತ್ತಾರೆಂದು ತ್ರಿಯಂಬಕ ಕಾದ. ಅವರು ಪಂಚೆ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೊರಟರು.

ಆದರೆ ತ್ರಿಯಂಬಕನಿಗೆ ಈಗ ಗುಟ್ಟು ಸಿಕ್ಕಿತ್ತು. ಬಂದವರಿಗೆಲ್ಲ ಹಕ್ಕಿಯ ಪುಸ್ತಕವನ್ನೇ ಕೊಡತೊಡಗಿದ. ಎಣ್ಣೆ ವ್ಯಾಪಾರಿ ಆಕಳಿಸಿ ಮರಳಿಸಿದ. ಊರ ಮಾಸ್ತರರು ಹಾಳೆ ತಿರುವದೆ ಮರಳಿಸಿದರು.

"ಮತ್ತೆ ಅದೇ ಕಥೆ!" ಎಂದು ತ್ರಿಯಂಬಕ ಹಣೆ ಬಡಿದುಕೊಂಡ. "ಈ ಜನಕ್ಕೆ ಏನಾಗಿದೆ, ಗುರುಗಳೇ? ಸಾಯುತ್ತಿದ್ದವನನ್ನು ಎಬ್ಬಿಸಿ ಕೂರಿಸಿದ ಪುಸ್ತಕ ಇದು!"

ಗುರುಗಳೂ ಹಣೆ ಬಡಿದುಕೊಂಡರು. ಅವರು ಬಡಿದುಕೊಂಡದ್ದು ಬೇರೆ ಕಾರಣಕ್ಕೆ.

ಅಷ್ಟರಲ್ಲಿ ದೋಣಿ ಇಳಿದು ಒಬ್ಬ ಹೆಂಗಸು ಬಂದಳು. ಶಾವಂತ್ರೆವ್ವ ಎಂದು ಹೆಸರು. ತಲೆಯ ಮೇಲೆ ಬುಟ್ಟಿ, ಮುಖದ ಮೇಲೆ ಬಿಸಿಲು.

"ಯಪ್ಪಾ, ಇಲ್ಲೆ ಪುಸ್ತಕ ಕೊಡತಾರಂತ ಕೇಳೇನಿ," ಎಂದಳು. "ನನ್ನ ಮಗಳು ಆರು ತಿಂಗಳಾತು..."

"ಗೊತ್ತಾಯಿತು, ತಾಯಿ, ಗೊತ್ತಾಯಿತು!" ತ್ರಿಯಂಬಕ ಆಗಲೇ ಒಳಗೋಡಿ ಪುಸ್ತಕ ತಂದಿದ್ದ. "ಇದನ್ನು ಒಯ್ಯಿರಿ. ಇದರಲ್ಲಿ ಗೀಜಗನ ಪ್ರಕರಣ ಇದೆ. ಒಬ್ಬ ಪೈಲ್ವಾನ ಇದನ್ನು ಓದಿ ಹೇಗೆ ಎದ್ದ ಎಂದರೆ..."

ಅವನು ಹೇಳುತ್ತ ಹೋದ. ಗೂಡಿನ ವಿಚಾರ ಹೇಳಿದ, ಎಲುಬಿನ ವಿಚಾರ ಹೇಳಿದ. ಶಾವಂತ್ರೆವ್ವ ಒಂದು ಕೈಯಲ್ಲಿ ಬುಟ್ಟಿ ಹಿಡಿದು, ಇನ್ನೊಂದರಿಂದ ಕುತ್ತಿಗೆಯ ಬೆವರೊರೆಸಿಕೊಳ್ಳುತ್ತ ನಿಂತೇ ಇದ್ದಳು. ಮಗಳ ಮಾತು ಅರ್ಧಕ್ಕೇ ನಿಂತಿತ್ತು.

ಗುರುಗಳು ಎದ್ದು ಬಂದರು. ತ್ರಿಯಂಬಕನ ಕೈಯಿಂದ ಪುಸ್ತಕ ತೆಗೆದುಕೊಂಡರು.

"ಪುಸ್ತಕ ಆಮೇಲೆ, ತಮ್ಮಾ. ಮೊದಲು ಆ ತಾಯಿಗೆ ಕೂಡಲಿಕ್ಕೆ ಒಂದು ಚಾಪೆ ಹಾಸು."