ಮಳಲಿಯ ಎದೆಯ ಪಟ್ಟಿ ಅಳಿಸಿದ್ದು

ಲೋಕ ಆಗಿನ್ನೂ ಹೊಸದು. ಹಕ್ಕಿಗಳ ಮೈಬಣ್ಣ ಪೂರ್ತಿ ಒಣಗಿರಲಿಲ್ಲ.

ಹೊಳೆ ಕಡಲು ಸೇರುವ ಅಳಿವೆಯಲ್ಲಿ ಎರಡು ಪುಟ್ಟ ಹಕ್ಕಿಗಳಿದ್ದವು. ಕಡಲ ಕಡೆಯ ಮರಳಲ್ಲಿ ಮಳಲಿ, ಹೊಳೆ ಕಡೆಯ ಹರಳುಕಲ್ಲಲ್ಲಿ ಹರಳಿ. ಇಬ್ಬರದೂ ಮರಳುಬಣ್ಣದ ಬೆನ್ನು, ಬಿಳಿ ಹೊಟ್ಟೆ, ತೆಳುಹಳದಿ ಕಾಲು, ಎದೆಗೆ ಅಡ್ಡಲಾಗಿ ಕರಿ ಪಟ್ಟಿ. ಯಾರು ಯಾರೆಂದು ಗಾಳಿಗೂ ತಿಳಿಯುತ್ತಿರಲಿಲ್ಲ.

ಮಳಲಿಯ ಮೊಟ್ಟೆಗಳನ್ನು ಹುಣ್ಣಿಮೆಯ ಉಬ್ಬರ ಒಯ್ದಿತ್ತು. ಹರಳಿಗೆ ಒಂದೇ ಒಂದು ಮೊಟ್ಟೆ ಉಳಿದಿತ್ತು.

ಒಂದು ಮಧ್ಯಾಹ್ನ ನರಿ ಬಂತು. ಹರಳಿ ರೆಕ್ಕೆ ಮುರಿದವಳಂತೆ ನಟಿಸಿ, ಕುಂಟುತ್ತ ಅದನ್ನು ದೂರಕ್ಕೆ ಸೆಳೆದುಕೊಂಡು ಹೋದಳು. "ಅಕ್ಕಾ, ಮೊಟ್ಟೆ ನೋಡಿಕೊ!" ಎಂದು ಕೂಗಿದಳು.

ಕಲ್ಲು ಕಾದಿತ್ತು. ಹಾಗೇ ಬಿಟ್ಟರೆ ಒಳಗಿನ ಮರಿ ಬೆಂದುಹೋಗುತ್ತದೆ. ಮಳಲಿ ಓಡಿದಳು. ಕೆಸರಿಗಿಳಿದು ನೀರಲ್ಲಿ ಎದೆ ಅದ್ದಿದಳು, ಬಂದು ಮೊಟ್ಟೆಯ ಮೇಲೆ ಕೂತಳು. ಎದೆ ಒಣಗಿತು. ಮತ್ತೆ ಓಡಿದಳು, ಮತ್ತೆ ಅದ್ದಿದಳು, ಮತ್ತೆ ಕೂತಳು.

"ಏನಕ್ಕಾ, ಇವತ್ತು ಎಷ್ಟು ಸ್ನಾನ? ಮದುವೆಗೆ ಹೊರಟೆಯಾ?" ಬಿಲದಿಂದ ಏಡಿ ಕೇಳಿತು.

"ದಾರಿ ಬಿಡು ಮಾರಾಯ!"

"ಮಳಲೀ, ನಿನ್ನ ಪಟ್ಟಿಯ ಕಪ್ಪು ಕರಗುತ್ತಿದೆ," ಎಂದಿತು ಹೊಳೆ.

"ಕರಗಲಿ ತಾಯಿ. ನಿನ್ನ ನೀರು ತಂಪಾಗಿದೆಯಲ್ಲ, ನನಗಷ್ಟು ಸಾಕು."

ಸಂಜೆಗೆ ಮೊಟ್ಟೆ ಒಡೆದು ಮರಿ ಹೊರಬಂತು. ಮಳಲಿಯ ಒದ್ದೆ ಎದೆಗೆ ಮುಖ ಒತ್ತಿ "ಅಮ್ಮಾ" ಎಂದಿತು. ಮಳಲಿ ಕೊಕ್ಕಿನಿಂದ ಅದರ ತಲೆ ನೇವರಿಸಿದಳು.

ಅಷ್ಟರಲ್ಲಿ ಹರಳಿ ಏದುಸಿರು ಬಿಡುತ್ತ ಬಂದಳು. ಮರಿಯನ್ನು ನೋಡಿದಳು. ಆಮೇಲೆ ಮಳಲಿಯನ್ನು ನೋಡಿದಳು. ಪಟ್ಟಿಯ ನಡುಭಾಗವೇ ಇಲ್ಲ! ಎರಡು ಬದಿಗೆ ಒಂದೊಂದು ತುಂಡು ಉಳಿದಿದೆ. ಕಾಲಿಗೆ ಅಳಿವೆಯ ಕೆಸರಿನ ಕಪ್ಪು ಹಿಡಿದಿದೆ.

"ಅಯ್ಯೋ ಅಕ್ಕಾ! ನನ್ನ ಪಟ್ಟಿ ಇನ್ನೂ ಹಸಿ. ಎದೆಗೆ ಎದೆ ಒತ್ತು, ಅರ್ಧ ಕಪ್ಪು ತಗೊ."

ಒತ್ತಿದರೆ ಇಬ್ಬರೂ ಮತ್ತೆ ಒಂದೇ ಥರ. ಮರಿ ಯಾರನ್ನು ಬೇಕಾದರೂ ಅಮ್ಮ ಎನ್ನಬಹುದು. ಮಳಲಿ ಒಂದು ಹೆಜ್ಜೆ ಹಿಂದೆ ಸರಿದಳು.

"ಬೇಡ ಹರಳೀ. ಮಗುವಿಗೆ ಗುರುತು ಬೇಕು. ನೋಡು ಪುಟ್ಟಾ, ತುಂಬು ಪಟ್ಟಿಯವಳು ನಿನ್ನಮ್ಮ."

ಮರಿ ಹರಳಿಯ ರೆಕ್ಕೆಯಡಿ ಸೇರಿತು. "ಪಟ್ಟಿ ಅಳಿಸಿದವಳು ನಿನ್ನ ದೊಡ್ಡಮ್ಮ," ಎಂದಳು ಹರಳಿ. "ಅವಳಿದ್ದದ್ದಕ್ಕೆ ನೀನಿದ್ದೀಯ, ಮಗಾ."

ಬಣ್ಣಗಳು ಒಣಗಿ ಹಾಗೆಯೇ ನಿಂತವು. ಅದಕ್ಕೇ ಅಳಿವೆಯಲ್ಲಿ ತುಂಬು ಪಟ್ಟಿಯ, ತೆಳುಹಳದಿ ಕಾಲಿನ ಹಕ್ಕಿ ಕಂಡರೆ ಅದು ಹರಳಿಯ ಕುಲ. ಪಟ್ಟಿಯ ನಡುವೆ ಬಿಳಿಯಿದ್ದು, ಕಾಲು ಕಪ್ಪಗಿದ್ದರೆ ಅದು ಮಳಲಿಯ ಕುಲ, ಇಂದಿಗೂ ಸುಡುಬಿಸಿಲಲ್ಲಿ ಎದೆ ಒದ್ದೆ ಮಾಡಿಕೊಂಡು ಅದು ಓಡುತ್ತದೆ, ತನ್ನವೇ ಮೊಟ್ಟೆಗಳ ಕಡೆಗೆ.