ಬಿಸಿನೀರಿನ ಕೊಳವೆಗೆ ತೆಂಗಿನ ನಾರು

ನದಿ ಸಮುದ್ರ ಸೇರುವ ಅಳಿವೆಯ ಕಾಡಿನಲ್ಲಿ ಪ್ರಾಣಿಗಳದ್ದೇ ಒಂದು ಬಂದರು, ಅದರ ಬೆನ್ನಿಗೇ ಒಂದು ಪೇಟೆ. ಬಂದರಿನಲ್ಲಿ ದೂಮಣ್ಣ ಎಂಬ ನೀರುನಾಯಿಯ ಐಸ್ ಮನೆ. ಪೇಟೆಯಲ್ಲಿ ಜಲಜಕ್ಕ ಎಂಬ ಕೋಳಿಯ ಮರಿಮನೆ. ಐಸ್ ಯಂತ್ರ ಓಡಿಸಲು ಅವನು ಕಲ್ಲಿದ್ದಲು ಸುಡುತ್ತಿದ್ದ. ಮೊಟ್ಟೆಗಳಿಗೆ ಕಾವು ಕೊಡಲು ಅವಳು ಸೌದೆ ಉರಿಸುತ್ತಿದ್ದಳು. ಮಕ್ಕಳೇ, ಉತ್ಪ್ರೇಕ್ಷೆ ನನಗೆ ಆಗಿಬರುವುದಿಲ್ಲ, ಇದ್ದದ್ದನ್ನೇ ಹೇಳುತ್ತೇನೆ: ಆ ಹೊಗೆಗೆ ಬೆಳ್ಳಕ್ಕಿಗಳು ಎಷ್ಟು ಕಪ್ಪಾಗಿದ್ದವೆಂದರೆ, ಕಾಗೆಗಳು ಅವಕ್ಕೆ ಹೆಣ್ಣು ಕೊಡಲು ಬರುತ್ತಿದ್ದವು!

ಕೊನೆಗೆ ಅಂತಪ್ಪ ಮೇಸ್ತ್ರಿ ಎಂಬ ಏಡಿ ದಾರಿ ಹುಡುಕಿದ. ಪೇಟೆಯ ಮಾಡುಗಳ ಮೇಲೆ ಸೋಲಾರ್ ಹಲಗೆ ಹಾಸಿ ಐಸ್ ಯಂತ್ರಕ್ಕೆ ತಂತಿ ಎಳೆದ. ಯಂತ್ರ ಉಗುಳುವ ಬಿಸಿಯನ್ನು ನೀರಿಗೆ ಹಿಡಿಸಿ, ಕೊಳವೆಯಲ್ಲಿ ಮರಿಮನೆಗೆ ಕಳಿಸಿದ. ಅಲ್ಲಿ ಕಾವು ಕೊಟ್ಟು ತಣ್ಣಗಾದ ನೀರು ತಿರುಗಿ ಯಂತ್ರಕ್ಕೇ ಬರುತ್ತಿತ್ತು. ಎರಡೂ ಒಲೆ ಆರಿದವು.

ಬೆಳ್ಳಕ್ಕಿಗಳು ಬೆಳ್ಳಗಾದವು. ದೂಮಣ್ಣನ ಮುಖ ಮಾತ್ರ ಕಪ್ಪಿಟ್ಟಿತು.

"ನನ್ನ ಯಂತ್ರದ ಬಿಸಿ ಅವಳಿಗೇಕೆ ಬೇಕು?"

"ಮೊಟ್ಟೆಗೆ ಕಾವು ಕೊಡೋಕೆ ಮಾರಾಯ," ಎಂದ ಅಂತಪ್ಪ. "ನಿನಗಂತೂ ಅದು ಬೇಡದ ಬಿಸಿ."

"ಇಷ್ಟೇ ಆಗಿದ್ದರೆ ಅವಳು ಅಷ್ಟು ನಗುನಗುತ್ತಾ ಯಾಕೆ ಮಾತಾಡಿಸ್ತಾಳೆ?"

ಅವನ ದಿಗಿಲಿಗೂ ಕಾರಣವಿತ್ತು. ವಾರ ಕಳೆದರೆ ಮಗಳ ಮದುವೆ. ಬೀಗರ ಊಟಕ್ಕೆಂದು ಮುನ್ನೂರು ಬುಟ್ಟಿ ಬಂಗುಡೆ ಮೀನು ಐಸ್ ಮನೆಯಲ್ಲಿತ್ತು. ಕೊಳವೆಗೆ ಕಿವಿಯಿಟ್ಟರೆ ಒಳಗೆ ಗುಳುಗುಳು ಸದ್ದು. "ಇದು ನೀರಲ್ಲ, ನನ್ನ ಬಂಗುಡೆ ಈಜಿಕೊಂಡು ಪೇಟೆಗೆ ಹೋಗ್ತಿದೆ!" ಎಂದುಕೊಂಡ. ಐಸಿನಲ್ಲಿಟ್ಟ ಮೀನು ಈಜೀತೇ ಎಂದು ಕೇಳಬೇಡಿ; ಗುಮಾನಿಗೆ ಎಲ್ಲ ಮೀನೂ ಈಜುತ್ತದೆ. ದಿನಕ್ಕೆ ಹತ್ತು ಸಲ ಬಾಗಿಲು ತೆರೆದು ಬುಟ್ಟಿ ಎಣಿಸಿದ. ತೆರೆದಾಗಲೆಲ್ಲ ತಂಪು ಹೊರಗೆ ಹೋಗಿ ಐಸ್ ಕರಗಿತು. ಬುಟ್ಟಿಗಳಲ್ಲಿ ಮೀನಿನ ಮಟ್ಟ ತುಸು ಕುಸಿಯಿತು.

"ಕಂಡಿರಾ! ಕಡಿಮೆಯಾಗಿದೆ!"

ಮದುವೆಯ ಹಿಂದಿನ ದಿನ ಬೆಳಿಗ್ಗೆ ಅವನು ಒಂದು ಹಿಡಿ ತೆಂಗಿನ ನಾರನ್ನು ಕೊಳವೆಯ ಬಾಯಿಗೆ ಗಟ್ಟಿಯಾಗಿ ತುರುಕಿ, ಮೀಸೆ ತೀಡಿಕೊಂಡು ಚಪ್ಪರ ಹಾಕಿಸಲು ಹೋದ.

ಹೊರಗೆ ಹೋಗಲು ದಾರಿಯಿಲ್ಲದ ಬಿಸಿ ಯಂತ್ರದೊಳಗೇ ಕೂತಿತು. ಯಂತ್ರ ಒಮ್ಮೆ ಕೆಮ್ಮಿತು, ಎರಡು ಸಲ ಸೀನಿತು, ನಿಂತೇಬಿಟ್ಟಿತು.

ಸಂಜೆಗೆ ಜಲಜಕ್ಕ ಏದುಸಿರು ಬಿಡುತ್ತಾ ಓಡಿಬಂದಳು. "ದೂಮಣ್ಣಾ, ಕೊಳವೆ ತಣ್ಣಗಾಗಿದೆ! ಮೊಟ್ಟೆಗಳ ಮೇಲೆ ಊರಿನ ಕೋಳಿಗಳನ್ನೆಲ್ಲ ಕೂರಿಸಿ ಬಂದೆ. ನಿಮ್ಮ ಮೀನು ಹೇಗಿದೆಯೋ ಅಂತ ಗಾಬರಿ ನನಗೆ!"

ಐಸ್ ಮನೆಯ ಬಾಗಿಲು ತೆರೆದರು. ಆ ನಾತಕ್ಕೆ ಆಕಾಶದಲ್ಲಿ ಹಾರುತ್ತಿದ್ದ ಹದ್ದು ಮೂಗು ಮುಚ್ಚಿಕೊಳ್ಳಲು ಹೋಗಿ ರೆಕ್ಕೆ ಬಡಿಯುವುದನ್ನೇ ಮರೆಯಿತು. ಬಿದ್ದದ್ದು ನೇರ ಚಪ್ಪರದ ಮೇಲೆ.

ಯಂತ್ರ ನೋಡಲು ಬಂದ ಅಂತಪ್ಪ ತನ್ನ ಕೊಂಡಿಯಿಂದ ಕೊಳವೆಯ ಬಾಯೊಳಗಿನ ನಾರನ್ನು ಎಳೆದು ಹಿಡಿದ. "ಇದನ್ನು ತುರುಕಿದವರು ಯಾರು?"

ದೂಮಣ್ಣ ಬಾಲ ನೋಡಿಕೊಳ್ಳುತ್ತಾ ನಿಂತ. ಅವನ ಉಗುರಿನ ಸಂದಿಯಲ್ಲಿ ಅದೇ ನಾರಿನ ಎಳೆ ಇತ್ತು. ಜಲಜಕ್ಕ ಅದನ್ನು ಕಂಡಳು. ಮೊಟ್ಟೆಗಳ ಕಡೆಗೆ ನಡೆದಳು.

ಮರುದಿನ ಬೀಗರಿಗೆ ಬಡಿಸಿದ್ದು ಗಂಜಿ, ಉಪ್ಪಿನಕಾಯಿ. ಗಂಡಿನ ತಂದೆ ಎಲೆಯನ್ನು ಮೂಸಿ, ದೂಮಣ್ಣನನ್ನು ಓರೆಗಣ್ಣಿನಿಂದ ನೋಡಿ, ಪಕ್ಕದವನ ಕಿವಿಯಲ್ಲಿ ಅಂದ:

"ಮುನ್ನೂರು ಬುಟ್ಟಿ ಅಂದಿದ್ದನಲ್ಲ? ಎಲ್ಲೋ ಬಚ್ಚಿಟ್ಟಿದ್ದಾನೆ ಕಳ್ಳ. ಬಾ, ಐಸ್ ಮನೆ ಹುಡುಕೋಣ."

ನೀತಿ: ನೆರೆಯವರ ಮೇಲಿನ ಗುಮಾನಿಗೆ, ಎಲ್ಲರೂ ಸೇರಿ ಕಟ್ಟಿದ್ದನ್ನು ಕೆಡಿಸಿದರೆ, ಮೊದಲು ಕೆಡುವುದು ನಮ್ಮದೇ ಮನೆ.