ಹೆಚ್ಚಿದ ಬಳೆ

“ಗುರುಗಳೇ, ಯಾರನ್ನು ನಂಬುವುದು?” ಎಂದು ಗುರುಪಾದ ಕೇಳಿದ.

ಪ್ರಶ್ನೆ ದೊಡ್ಡದಾಗಿ ಕೇಳಿಸಿದರೂ ಶಿಷ್ಯನ ಸಂಕಟ ಸಣ್ಣದೇ. ಮಠದ ಪುಸ್ತಕ ಭಂಡಾರವನ್ನು ಊರಿನ ಆಚೆ ತುದಿಯ ಹೊಸ ಕಟ್ಟಡಕ್ಕೆ ಸಾಗಿಸಬೇಕಿತ್ತು. ಆ ಕೆಲಸ ಅವನ ತಲೆಗೆ ಬಿದ್ದಿತ್ತು. ಊರಿನಲ್ಲಿ ಸಾಮಾನು ಸಾಗಿಸುವ ಕಂಪನಿಗಳು ನಾಲ್ಕು. ನಾಲ್ಕೂ ಕಂಪನಿಯವರು ಬಂದು ಕಪಾಟುಗಳನ್ನು ನೋಡಿ ಹೋಗಿದ್ದರು.

“ಎಲ್ಲರೂ ತಾವೇ ನಂಬಿಕಸ್ತರು ಅನ್ನುತ್ತಾರೆ. ಹಾಗೆಂದು ಅಚ್ಚು ಹಾಕಿಸಿದ ಕಾಗದವನ್ನೂ ಕೊಟ್ಟಿದ್ದಾರೆ. ಹೇಗೆ ಆರಿಸಲಿ?”

ಗುರುಗಳು ಕೂರು ಎಂದು ಸನ್ನೆ ಮಾಡಿದರು. ಅವನು ಕೂತ ಮೇಲೆ ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಬಳೆ ವ್ಯಾಪಾರಿ ಇದ್ದ. ಗಾಜಿನ ಬಳೆ ಬಿಟ್ಟರೆ ಅವನಿಗೆ ಬೇರೆ ಬದುಕು ಗೊತ್ತಿರಲಿಲ್ಲ. ಬಳೆ ಒಡೆದರೆ ‘ಒಡೆಯಿತು’ ಎನ್ನಬಾರದು, ‘ಹೆಚ್ಚಿತು’ ಎನ್ನಬೇಕು. ಇದು ಎಲ್ಲರೂ ಬಲ್ಲ ರೂಢಿ. ತೊಟ್ಟವಳ ಮನಸ್ಸು ಮುದುಡದಿರಲಿ ಎಂದು ಹಿರಿಯರು ಮಾಡಿಕೊಂಡದ್ದು. ಒಳ್ಳೆಯ ರೂಢಿಯೇ.

ವ್ಯಾಪಾರಿ ಅಷ್ಟಕ್ಕೆ ನಿಲ್ಲಲಿಲ್ಲ. ಒಡೆಯುವುದು, ಬೀಳುವುದು, ಮುರಿಯುವುದು ಎಂಬ ಮಾತುಗಳನ್ನೆಲ್ಲ ಮನೆಯಿಂದ ಓಡಿಸಿದ. ಹೋಟೆಲಿನಲ್ಲಿ ಕೂತರೆ ವಡೆ ಎಂಬ ಹೆಸರೂ ಅವನ ಬಾಯಿಗೆ ಬರುತ್ತಿರಲಿಲ್ಲ. “ಆ ತೂತಿನದು ಎರಡು ಕೊಡಿ” ಎನ್ನುತ್ತಿದ್ದ. ಒಂದು ಬೆಳಗ್ಗೆ ಮನೆಯಲ್ಲಿ ಹಾಲು ಒಡೆಯಿತು. ಹೆಂಡತಿ ಗಂಡನ ನಿಯಮದಂತೆ “ಹಾಲು ಹೆಚ್ಚಿದೆ” ಎಂದಳು. “ಹಾಗಾದ್ರೆ ನಂಗೆ ಎರಡು ಲೋಟ ಕಾಫಿ ಕೊಡು” ಎಂದ. ಕೊಟ್ಟಳು. ಮುಖ ಹಿಂಡಿಕೊಂಡು ಎರಡನ್ನೂ ಕುಡಿದ. ಆಗಲೂ ಬುದ್ಧಿ ಬರಲಿಲ್ಲ.

ಹೀಗಿರುವಾಗ ರಸ್ತೆ ಅಗಲ ಮಾಡುವವರು ಬಂದು ಅವನ ಅಂಗಡಿಯ ಗೋಡೆಗೆ ಕೆಂಪು ಗೀಟು ಎಳೆದರು. ವ್ಯಾಪಾರಿ ನೆರೆಯೂರಿನಲ್ಲಿ ಹೊಸ ಅಂಗಡಿ ಹಿಡಿದ. ಶ್ರಾವಣದ ಮೊದಲ ಶುಕ್ರವಾರಕ್ಕೆ ಬಾಗಿಲು ತೆರೆಯಬೇಕು. ಅಂದು ಊರ ಹೆಂಗಸರೆಲ್ಲ ಹೊಸ ಬಳೆ ತೊಡುತ್ತಾರೆ. ಅಂದು ಬಳೆ ಸಿಗದಿದ್ದರೆ ಎದುರಿನ ಅಂಗಡಿ ಹತ್ತುತ್ತಾರೆ. ಹತ್ತಿದವರು ಮತ್ತೆ ಈ ಕಡೆ ತಿರುಗಿ ನೋಡುವುದಿಲ್ಲ. ಅವನ ಮುಂದಿನ ಬಾಳೆಲ್ಲ ಮೂವತ್ತು ಪೆಟ್ಟಿಗೆಗಳಲ್ಲಿತ್ತು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸಾಮಾನು ಸಾಗಿಸುವವನೊಬ್ಬನನ್ನು ಕರೆಸಿದ. ಅವನು ನಮಸ್ಕಾರವನ್ನೂ ನೆಟ್ಟಗೆ ಮಾಡಲಿಲ್ಲ. ಪೆಟ್ಟಿಗೆಗಳನ್ನು ಒಂದೊಂದಾಗಿ ಅಲ್ಲಾಡಿಸಿದ. ಒಳಗಿನ ಹುಲ್ಲು ಹಿಸುಕಿ ನೋಡಿದ. ಆಮೇಲೆ ನೆರೆಯೂರಿನವರೆಗೂ ಸೈಕಲ್ ಹೊಡೆದುಕೊಂಡು ಹೋಗಿ ಬಂದ.

“ದಾರೀಲಿ ಏಳು ಹಂಪ್ ಐತೆ. ಈ ಹುಲ್ಲು ಸಾಲಲ್ಲ. ಹಿಂಗೇ ತಗೊಂಡೋದ್ರೆ ಅರ್ಧಕ್ಕರ್ಧ ಒಡ್ದೋಗ್ತವೆ” ಎಂದ.

ವ್ಯಾಪಾರಿಯ ಕಿವಿಗೆ ಕಾದ ಸೀಸ ಹೊಯ್ದಂತಾಯಿತು. “ಮೊದ್ಲು ಹೋಗಿ ಬಾಯಿ ತೊಳ್ಕೊಂಡು ಬಾ!” ಎಂದು ಗದರಿದ.

“ಬಾಯಿ ತೊಳ್ಕೊಂಡ್ರೆ ಗಾಜು ಗಟ್ಟಿಯಾಗ್ತದಾ?” ಎಂದು ಕೇಳಿ ಅವನು ಹೊರಟುಹೋದ.

ಇನ್ನೊಬ್ಬ ಬಂದ. ಬಲಗಾಲಿಟ್ಟು ಒಳಗೆ ಬಂದ. ಪೆಟ್ಟಿಗೆಗಳಿಗೆ ಕೈಮುಗಿದ. ಒಂದನ್ನೂ ಮುಟ್ಟಲಿಲ್ಲ. “ಮಹಾಲಕ್ಷ್ಮೀನೇ ಕೂತಂಗಿದೆ. ನೀವು ನಿಶ್ಚಿಂತೆಯಾಗಿರಿ ಸ್ವಾಮಿ, ಹೂವಿನ ಹಾಗೆ ಇಳಿಸ್ತೀವಿ” ಎಂದ. ವ್ಯಾಪಾರಿ ಬೆಣ್ಣೆಯಾದ. ದಾರಿಯುದ್ದಕ್ಕೂ ಯಾರ ಬಾಯಲ್ಲೂ ಒಂದು ಕೆಟ್ಟ ಮಾತು ಬರಬಾರದು ಎಂದು ಮಾತು ತೆಗೆದುಕೊಂಡ. “ನಮ್ಮೋರ ಬಾಯಲ್ಲಿ ಬರೀ ಸಕ್ಕರೆ ಸ್ವಾಮಿ” ಎಂದು ಅವನು ಭಾಷೆ ಕೊಟ್ಟ.

ಅವನು ಹೋದ ಮೇಲೆ ಹೆಂಡತಿ ಹೇಳಿದಳು: “ಮೊದ್ಲು ಬಂದೋನು ಪೆಟ್ಟಿಗೆ ನೋಡ್ದ. ಇವನು ನಿಮ್ಮ ಮುಖ ನೋಡ್ದ. ಅವನನ್ನೇ ಕರೀರಿ.”

“ಅವನ ನಾಲಿಗೆ ಸರಿಯಿಲ್ಲ” ಎಂದ ವ್ಯಾಪಾರಿ. ಬಳೆ ಸಾಗಿಸುವುದು ನಾಲಿಗೆಯ ಮೇಲಲ್ಲ, ಟೆಂಪೊದಲ್ಲಿ ಎಂಬುದು ಪಾಪ ಅವನಿಗೆ ಹೊಳೆಯಲಿಲ್ಲ.

ಗುರುವಾರ ಟೆಂಪೊ ಹೊರಟಿತು. ಸಕ್ಕರೆ ಬಾಯಿಯವನೇ ಓಡಿಸುತ್ತಿದ್ದ. ವ್ಯಾಪಾರಿ ಅವನ ಪಕ್ಕದಲ್ಲಿ ಕೂತಿದ್ದ. ಹಿಂದೆ ಪೆಟ್ಟಿಗೆಗಳ ಜೊತೆ ಒಬ್ಬ ಹಮಾಲಿ. ಅವನು ಸಾಧು ಮನುಷ್ಯ. ಕೆಟ್ಟ ಮಾತಾಡಿದರೆ ಕೆಲಸದಿಂದ ತೆಗೆಯುತ್ತೇನೆಂದು ಧಣಿ ಅವನನ್ನು ಎಚ್ಚರಿಸಿದ್ದ.

ಮೊದಲ ಹಂಪ್ ದಾಟಿದಾಗ ಹಗ್ಗ ಸಡಿಲವಾಯಿತು. ಹಮಾಲಿ ಕೂಗಲು ಬಾಯಿ ತೆರೆದ. ಧಣಿಯ ಮಾತು ನೆನಪಾಯಿತು. ಬಾಯಿ ಮುಚ್ಚಿ, ಯೋಚಿಸಿ, ಮತ್ತೆ ತೆರೆದ.

“ಸ್ವಾಮೀ, ಹಗ್ಗ ಆರಾಮಾಗೈತೆ!”

“ಸಂತೋಷ!” ಎಂದು ವ್ಯಾಪಾರಿ ಕೂಗಿದ.

ಮೂರನೆಯ ಹಂಪಿಗೆ ಹಿಂದಿನ ಬಾಗಿಲಿನ ಚಿಲಕ ಕಿತ್ತುಬಂತು. “ಸ್ವಾಮೀ, ಬಾಗ್ಲು ಮನಸು ಬಿಚ್ಚೈತೆ!”

“ಗಾಳಿ ಆಡ್ಲಿ ಬಿಡು!”

ನಾಲ್ಕನೆಯದಕ್ಕೆ ಹಮಾಲಿ ಎರಡು ಕೈ, ಎರಡು ಕಾಲು ಚಾಚಿ ಪೆಟ್ಟಿಗೆಗಳನ್ನು ತಡೆಹಿಡಿದ. ಎರಡು ಕೈ ಎರಡು ಕಾಲು ಮೂವತ್ತು ಪೆಟ್ಟಿಗೆಗೆ ಎಲ್ಲಿ ಸಾಕು? ಅವನ ಕಣ್ಣಲ್ಲಿ ನೀರು ಬಂತು. “ಸ್ವಾಮೀ, ಪೆಟ್ಗೆಗಳು ನಮಗಿಂತ ಮುಂಚೆ ಇಳ್ಕೊಳ್ತಾ ಅವೆ!”

“ಕೆಲಸಗಾರರು ಅಂದ್ರೆ ಇವರು” ಎಂದು ವ್ಯಾಪಾರಿ ಪಕ್ಕದವನ ಬೆನ್ನು ತಟ್ಟಿದ. ಟೆಂಪೊದವನು ವಿನಯದಿಂದ ನಕ್ಕು ಗೇರ್ ಬದಲಿಸಿದ.

ಏಳನೆಯ ಹಂಪ್ ದಾಟಿತು. ಹಮಾಲಿ ತನಗೆ ಬಂದ ಒಳ್ಳೆಯ ಮಾತುಗಳನ್ನೆಲ್ಲ ಹುಡುಕಿದ. ಕೊನೆಗೆ ಒಂದೇ ಉಳಿದಿತ್ತು.

“ಸ್ವಾಮೀ, ಹೆಚ್ಚಿದ್ವು!”

ಬೇರೆ ಮಾತುಗಳಿಗೆ ಎರಡೆರಡು ಅರ್ಥ ಇದ್ದೀತು. ಬಳೆಯ ವಿಷಯದಲ್ಲಿ ಈ ಮಾತಿಗೆ ಇರುವುದು ಒಂದೇ ಅರ್ಥ.

“ಎಷ್ಟು?”

“ಅಷ್ಟೂನೂವೆ.”

ಟೆಂಪೊ ನಿಂತಿತು. ವ್ಯಾಪಾರಿ ಇಳಿದು ಹಿಂದಕ್ಕೆ ನೋಡಿದ. ದಾರಿಯುದ್ದಕ್ಕೂ ಹಸಿರು, ಕೆಂಪು, ಹಳದಿ ಚೂರುಗಳು. ಒಂದು ಪೆಟ್ಟಿಗೆಯೂ ನೆಟ್ಟಗಿರಲಿಲ್ಲ. ಅವನು ರಸ್ತೆಯ ಮೇಲೆಯೇ ಕುಸಿದು ಕೂತ. ತಡೆಯಲಾರದ ದುಃಖ ಬಂತು. ಹುಟ್ಟಿದಾಗಿನಿಂದ ಆಡದ ಮಾತು ತಾನಾಗಿಯೇ ಬಾಯಿಂದ ಹೊರಟಿತು.

“ಒಡೆದು ಹೋಯ್ತಲ್ಲೋ! ಎಲ್ಲಾ ಒಡೆದು ಹೋಯ್ತಲ್ಲೋ!”

ಟೆಂಪೊದವನು ಎರಡೂ ಕಿವಿ ಮುಚ್ಚಿಕೊಂಡ. “ಬಿಡ್ತು ಅನ್ನಿ ಸ್ವಾಮಿ! ಶುಭಕಾರ್ಯಕ್ಕೆ ಹೊರಟು ಎಂಥಾ ಮಾತಾಡ್ತೀರಿ!”

ಹಮಾಲಿ ಮಾತ್ರ ಇಳಿದು ಬಂದು ವ್ಯಾಪಾರಿಯ ಪಕ್ಕದಲ್ಲಿ ಕೂತ. ಅವನೂ ಅಳುತ್ತಿದ್ದ. “ಹಂಗನ್ಬೋದು ಅಂತ ಮೊದ್ಲೇ ಹೇಳಿದ್ರೆ, ಹಗ್ಗ ಸಡ್ಲ ಆದಾಗ್ಲೇ ಅಂತಿದ್ನಲ್ಲ ಸ್ವಾಮಿ” ಎಂದ.

ಶುಕ್ರವಾರ ಹೊಸ ಅಂಗಡಿಯ ಬಾಗಿಲು ತೆರೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದ ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣೊರೆಸಿಕೊಂಡು ಎದ್ದು ನಿಂತ. ಅವನ ಮುಖದಲ್ಲಿ ಈಗ ಗೊಂದಲವಿರಲಿಲ್ಲ.

“ತಿಳಿಯಿತು ಗುರುಗಳೇ. ಇದ್ದದ್ದನ್ನು ಇದ್ದ ಹಾಗೆ ಮುಖದ ಮೇಲೆ ಹೇಳುವವನನ್ನೇ ಹುಡುಕುತ್ತೇನೆ. ಅಂಥವನು ಒಬ್ಬನಾದರೂ ಸಿಕ್ಕೇ ಸಿಗುತ್ತಾನೆ.”

“ಸಿಗಲಿ” ಎಂದರು ಗುರುಗಳು. “ಅದಿರಲಿ, ನಿನ್ನೆ ನನ್ನ ಪ್ರವಚನ ಹೇಗಿತ್ತು?”

“ಹೂವಿನ ಹಾಗಿತ್ತು ಗುರುಗಳೇ” ಎಂದು ಗುರುಪಾದ ಕೈಮುಗಿದ.